ದೂರದಲ್ಲಿ ಗುಡ್ಡೆ ಜರಿದಾಗ ನಮ್ಮ ಮನೆಯ ದಿನ ಸಾಗುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

2024ರ ಆಗಸ್ಟ್ ಮೊದಲ ವಾರ. ನಮ್ಮ ಅಡಿಕೆ ತೋಟಕ್ಕೆ ಎರಡನೇ ಸಲದ ಮದ್ದು ಬಿಡಬೇಕಿತ್ತು. ಬಹಳ ದಿನ ಕಾದ ಮೇಲೆ ಮಳೆ ಒಂದು ಹೊಳವು ಕೊಟ್ಟಿತ್ತು. ಹಿಂದಿನ ರಾತ್ರಿಯೇ ಮೈಲುತುತ್ತು ನೆನೆಹಾಕಿದ್ದೆವು. ಬೆಳಿಗ್ಗೆ ಸುಣ್ಣದ ನೀರು ಸೇರಿಸಿ ಬೋರ್ಡೋ ದ್ರಾವಣ ತಯಾರಾಯಿತು. ಮದ್ದು ಬಿಡುವವರೂ ಬಂದರು. ಆದರೆ ಯಾರೂ ತೋಟಕ್ಕೆ ಇಳಿಯಲಿಲ್ಲ. ಎಲ್ಲರೂ ಅಂಗಳದಲ್ಲಿ ನಿಂತು ಒಂದೇ ಫೋನು ನೋಡುತ್ತಿದ್ದರು. ವಯನಾಡಿನ ಮುಂಡಕೈ, ಚೂರಲ್‌ಮಲೆ. ಜುಲೈ 30ರ ನಸುಕಿನಲ್ಲಿ ಜರಿದ ಮಣ್ಣಿನಡಿಯಿಂದ ಇನ್ನೂ ಜನರನ್ನು ತೆಗೆಯುತ್ತಿದ್ದರು. ಕೆಳಗೆ ಚಾಲಿಯಾರ್ ಹೊಳೆಯಲ್ಲೂ ಹುಡುಕುತ್ತಿದ್ದರು.

ಒಳಗೆ ಅಮ್ಮ ಟಿವಿ ಮುಂದೆ ಕುಳಿತಿದ್ದರು. ಬಟ್ಟಲಿನ ಗಂಜಿ ಆರಿ ಹೋಗಿತ್ತು. "ಅವರು ಅಲ್ಲಿ ಮಣ್ಣಿನಡಿ ಇರುವಾಗ ನನ್ನ ಗಂಟಲಲ್ಲಿ ಗಂಜಿ ಇಳಿಯುವುದು ಹೇಗೆ ಮಗಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೋರ್ಡೋ ದ್ರಾವಣವನ್ನು ಮಾಡಿದ ದಿನವೇ ಬಿಡಬೇಕು. ಮರುದಿನಕ್ಕೆ ಇಟ್ಟರೆ ಅದರ ಗುಣ ಹೋಗುತ್ತದೆ. ಅಡಿಕೆಗೆ ಬರುವ ಕೊಳೆರೋಗ ನಮ್ಮ ದುಃಖ ಮುಗಿಯಲಿ ಎಂದು ಕಾಯುವುದಿಲ್ಲ. ಹತ್ತೂವರೆಗೆ ಪಂಪು ಶುರುವಾಯಿತು. ಸಂಜೆಯೊಳಗೆ ಮದ್ದು ಬಿಟ್ಟು ಮುಗಿಸಿದೆವು. ಆದರೆ ದಿನವಿಡೀ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ನಿಮಗೂ ಹೀಗೆ ಅನಿಸಿರಬಹುದು, ಅಲ್ವಾ?

ಆಮೇಲೆ ಈ ವಿಚಾರವನ್ನು ನಾನು ಬಿಡಲಿಲ್ಲ. ಮನೆಯಲ್ಲಿ ಮಾತಾಡಿದೆವು, ಅಕ್ಕಪಕ್ಕದವರ ಹತ್ತಿರ ಕೇಳಿದೆವು, ಕೆಲವು ಪದ್ಧತಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೇರೆ ಊರಿನವರಿಗೂ ಹೆಚ್ಚಿನದು ಹೊಂದುತ್ತದೆ.

ಮೊದಲ ಹಂತ: ನಮ್ಮವರು ಯಾರಾದರೂ ಅಲ್ಲಿದ್ದಾರಾ?

ಸುದ್ದಿ ಬಂದ ಕೂಡಲೇ ಈ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದ್ದಾರೆ ಎಂದಾದರೆ ಉಳಿದ ಹಂತಗಳನ್ನು ಆಮೇಲೆ ಓದಿದರೆ ಸಾಕು.

ಕಾಸರಗೋಡಿನವರಿಗೆ ದೂರ ಎನ್ನುವ ಮಾತಿಗೆ ಬೇರೆಯೇ ಅರ್ಥ ಇದೆ. ಎಷ್ಟೋ ಮನೆಗಳಿಗೆ ಬೆಂಗಳೂರಿಗಿಂತ ದುಬೈ ಹತ್ತಿರ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕೆಲಸಗಾರರು ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 50 ಮಂದಿ ತೀರಿಕೊಂಡರು. ಹೆಚ್ಚಿನವರು ಭಾರತದವರು, ನಮ್ಮ ಜಿಲ್ಲೆಯವರೂ ಇದ್ದರು. ಅದೇ ವರ್ಷ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಹಾದು ಹೋಗುವುದೂ ಅದೇ ರಸ್ತೆ. ಲಾರಿ ಓಡಿಸುವವರು ಇರುವ ಮನೆಗಳಲ್ಲಿ ಅವತ್ತು ಎಷ್ಟು ಕರೆ ಹೋಗಿರಬಹುದು, ಊಹಿಸಿ.

ಹಾಗಾದಾಗ ಹೀಗೆ ಮಾಡಿ. ಮನೆಯಲ್ಲಿ ಒಬ್ಬರೇ ಕರೆ ಮಾಡುವ ಕೆಲಸ ತೆಗೆದುಕೊಳ್ಳಲಿ. ಹತ್ತು ಜನ ಒಟ್ಟಿಗೆ ಒಂದೇ ನಂಬರಿಗೆ ಕರೆ ಮಾಡಿದರೆ ಯಾರಿಗೂ ಸಿಗುವುದಿಲ್ಲ, ಅಲ್ಲಿನವರ ಫೋನಿನ ಚಾರ್ಜೂ ಮುಗಿಯುತ್ತದೆ. ಕರೆ ಹೋಗದಿದ್ದರೆ ಒಂದು ಮೆಸೇಜು ಹಾಕಿಡಿ: "ಕ್ಷೇಮವಾಗಿದ್ದರೆ ಒಂದು ಅಕ್ಷರ ಹಾಕು, ಸಾಕು." ಸಿಗ್ನಲ್ ಬಂದ ಕೂಡಲೇ ಅದು ಮುಟ್ಟುತ್ತದೆ. ಇನ್ನೊಬ್ಬರು ಕಾಗದದ ಮೇಲೆ ಬರೆಯಲಿ: ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಕೆಲಸದ ಕಂಪೆನಿ, ಉಳಿಯುವ ಕಟ್ಟಡ, ರೂಮಿನ ಜೊತೆಗಾರರ ನಂಬರ್, ಕೊನೆಗೆ ಮಾತಾಡಿದ ಹೊತ್ತು. ಸಹಾಯವಾಣಿಯವರು ಇದನ್ನೇ ಕೇಳುತ್ತಾರೆ. ಆ ಗಾಬರಿಯಲ್ಲಿ ಒಂದೂ ನೆನಪಾಗುವುದಿಲ್ಲ. ಆದ್ದರಿಂದ ಗಲ್ಫಿಗೆ ಹೋದವರು ಇರುವ ಮನೆಯಲ್ಲಿ ಈ ಚೀಟಿ ಇವತ್ತೇ ಬರೆದು ದೇವರ ಕೋಣೆಯಲ್ಲೋ ಕಪಾಟಿನಲ್ಲೋ ಇಡಿ. ಹೊರದೇಶದಲ್ಲಿರುವ ಕೇರಳದವರಿಗಾಗಿ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನ ಉಚಿತ ನಂಬರ್ 1800 425 3939 ಇದೆ. ಅದನ್ನೂ ಅದರಲ್ಲೇ ಬರೆಯಿರಿ. ಕುವೈತಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈಯದ್ದು ಒಂದೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಫೋನ್ ಎತ್ತಲಿಲ್ಲ ಎಂದು ಹೆದರುವ ಮೊದಲು ಅಲ್ಲಿ ಎಷ್ಟು ಗಂಟೆ ಎಂದು ನೋಡಿ.

ಪಾಸ್‌ಪೋರ್ಟಿನ ಫೋಟೋವನ್ನು ಊರಿನ ಗ್ರೂಪುಗಳಿಗೆ ಹಾಕಬೇಡಿ. ಅದು ಎಲ್ಲೆಲ್ಲಿಗೋ ಹೋಗುತ್ತದೆ, ವಾಪಸ್ ತರಲು ಆಗುವುದಿಲ್ಲ.

ಪಕ್ಕದ ಮನೆಯವರಿಗೆ ಹೀಗಾದರೆ "ಏನಾಯ್ತು, ಏನಾಯ್ತು" ಎಂದು ಕೇಳಲು ಓಡಬೇಡಿ. ಒಂದು ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗಿ. ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕಿದ್ದಾರಾ ನೋಡಿ, ಹಾಕಿರದಿದ್ದರೆ ನೀವೇ ಹಾಕಿ ಬನ್ನಿ.

ಎರಡನೇ ಹಂತ: ನೋಡುವುದಕ್ಕೆ ಹೊತ್ತು ಗೊತ್ತು ಮಾಡಿ

ನಮ್ಮವರು ಯಾರೂ ಅಲ್ಲಿಲ್ಲ, ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಹೆಚ್ಚಿನವರ ಕಷ್ಟ ಇದೇ. ನೋಡುವುದು ನಿಲ್ಲಿಸಿದರೆ ಅವರನ್ನು ಬಿಟ್ಟು ಬಂದ ಹಾಗೆ ಅನಿಸುತ್ತದೆ. ನಮ್ಮ ಅಮ್ಮನಿಗೂ ಹಾಗೇ ಅನಿಸಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಲಿ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬು ಸಿಡಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ ಸಾವಿರಾರು ಜನರನ್ನು ವಿಚಾರಿಸಿದರು. ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಮತ್ತು ಅದಕ್ಕಿಂತ ಜಾಸ್ತಿ ಆ ಸುದ್ದಿಯಲ್ಲೇ ಇದ್ದವರ ಮನಸ್ಸಿನ ಒತ್ತಡ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು ಕಂಡುಬಂತು. ಓದಿದಾಗ ನನಗೆ ನಂಬಲು ಕಷ್ಟ ಆಯಿತು. ಆಮೇಲೆ ಅಮ್ಮನ ಮುಖ ನೆನಪಾಯಿತು. ಅದೇ ಹತ್ತು ದೃಶ್ಯ, ದಿನಕ್ಕೆ ನೂರು ಸಲ. ನೂರನೇ ಸಲ ನೋಡಿದ್ದರಿಂದ ಅಲ್ಲಿ ಒಬ್ಬರಿಗೂ ಒಂದು ಲೋಟ ನೀರು ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಈಗ ದಿನಕ್ಕೆ ಎರಡು ಹೊತ್ತು ಇದೆ. ಬೆಳಿಗ್ಗೆ ಪತ್ರಿಕೆ, ಸಂಜೆ ಏಳಕ್ಕೆ ಅರ್ಧ ಗಂಟೆ ಟಿವಿ. ನಡುವೆ ಏನಾದರೂ ದೊಡ್ಡದು ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಅಂಡ್ ಡೇಟಾ ಎಂದು ಇದೆ. ಅಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಬಂದ್ ಮಾಡಿ. ಆಗ ಯಾವುದನ್ನು ನೋಡಬೇಕು ಎಂದು ನೀವೇ ತೀರ್ಮಾನಿಸಬಹುದು. ಮಲಗುವ ಕೋಣೆಗೆ ಫೋನು ಬೇಡ.

ಹಿರಿಯರ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ. ಅವರಿಗೆ ಅದು ಅವಮಾನ. ನಾನು ಮಾಡಿದ್ದು ಇಷ್ಟೇ. ಒಂದು ಬುಟ್ಟಿ ಹಲಸಿನ ಬೀಜ ತಂದು ಜಗಲಿಯಲ್ಲಿ ಇಟ್ಟೆ. "ಅಮ್ಮಾ, ಸಿಪ್ಪೆ ತೆಗೆಯಲು ಒಬ್ಬನಿಗೆ ಆಗುವುದಿಲ್ಲ, ಬನ್ನಿ" ಎಂದೆ. ಬಂದರು. ಕೈ ಕೆಲಸ ಮಾಡುತ್ತಿದ್ದ ಹಾಗೆ ಮಾತು ಬಂತು. ಚಿಕ್ಕಂದಿನಲ್ಲಿ ಹೊಳೆ ಬಂದು ಅವರ ತವರುಮನೆಯ ಗದ್ದೆ ಮುಳುಗಿದ್ದು, ದನದ ಕರು ಹೋದದ್ದು, ಎಲ್ಲ ಹೇಳಿದರು. ಟಿವಿ ನೋಡುತ್ತಾ ಅವರು ಹುಡುಕುತ್ತಿದ್ದದ್ದು ಈ ಮಾತನ್ನು ಹೇಳಲು ಒಂದು ಕಿವಿಯನ್ನು ಎಂದು ನನಗೆ ಆಗ ಗೊತ್ತಾಯಿತು.

ಮೂರನೇ ಹಂತ: ಕಳುಹಿಸುವ ಮೊದಲು ಒಂದು ಗಳಿಗೆ ನಿಲ್ಲಿ

ಇದು ಸಣ್ಣ ಹಂತ, ಆದರೆ ಬಿಡಬಾರದು. ವಿಡಿಯೋದಲ್ಲಿ ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ, ವಾಹನದ ನಂಬರ್ ಯಾವ ರಾಜ್ಯದ್ದು ನೋಡಿ. ಎರಡು ಬಾಣದ ಗುರುತು ಇದ್ದರೆ ಅದು ತುಂಬ ಕೈ ದಾಟಿ ಬಂದದ್ದು. ಹಳೆಯ ಪ್ರವಾಹದ ವಿಡಿಯೋ ಹೊಸ ಹೆಸರಿನಲ್ಲಿ ಪ್ರತಿ ವರ್ಷ ಬರುತ್ತದೆ. ತೀರಿಕೊಂಡವರ ಮುಖ ಕಾಣುವ ಫೋಟೋ ಮಾತ್ರ ನಿಜವಾದರೂ ಕಳುಹಿಸಬೇಡಿ. ಆ ಮುಖದ ತಾಯಿ ಎಲ್ಲೋ ಇನ್ನೂ ಸುದ್ದಿಗೆ ಕಾಯುತ್ತಿರಬಹುದು.

ನಾಲ್ಕನೇ ಹಂತ: ಕೈಲಾದ ಒಂದು ಕೆಲಸ, ಅವತ್ತೇ

ಒಂದೇ ಸಾಕು. ಆದರೆ ಅವತ್ತೇ ಮಾಡಿ ಮುಗಿಸಿ. ಮುಗಿಸಿದ ಮೇಲೆ ಮನಸ್ಸು ತನ್ನ ಕೆಲಸಕ್ಕೆ ಬರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಹಣ. ಸಾಮಾನು ಕೊಡುವುದು ಕೊಟ್ಟವರ ಮನಸ್ಸಿಗೆ ಹಿತ, ಆದರೆ ತೆಗೆದುಕೊಂಡವರಿಗೆ ಹಲವು ಸಲ ಹೊರೆ. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ನಾಗಪಟ್ಟಣದ ರಸ್ತೆ ಬದಿಯಲ್ಲಿ ಹಳೆ ಬಟ್ಟೆಯ ರಾಶಿ ಬಿದ್ದಿತ್ತು. ದೇಶದ ಮೂಲೆ ಮೂಲೆಯಿಂದ ಬಂದದ್ದು, ಯಾರಿಗೂ ಬೇಡವಾದದ್ದು. ಎಲ್ಲ ಕಳೆದುಕೊಂಡ ಮೀನುಗಾರರ ಮನೆಯವರಿಗೂ ಮಾನ ಇದೆ. ಹರಿದ ಸೀರೆ ಕಳುಹಿಸಿದರೆ ಅವರಿಗೆ ಹೇಗನಿಸಬೇಡ?

ಸಾಮಾನೇ ಕೊಡಬೇಕು ಎಂದಾದರೆ ಜಿಲ್ಲಾಡಳಿತ ಹೊರಡಿಸಿದ ಪಟ್ಟಿ ನೋಡಿ. ಅದರಲ್ಲಿ ಇದ್ದದ್ದನ್ನು ಮಾತ್ರ, ಹೊಸದನ್ನೇ ಕೊಡಿ. ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಟಾರ್ಚು, ಚಾಪೆ ಇಂಥವು ಹೆಚ್ಚಾಗಿ ಬೇಕಾಗುತ್ತವೆ, ಕೊಡಬೇಕೆಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಹಣ ಕಳುಹಿಸುವಾಗ ಎಚ್ಚರ ಬೇಕು. ವಯನಾಡಿನ ದುರಂತದ ಹೊತ್ತಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕ್ಯೂಆರ್ ಕೋಡ್ ದುರುಪಯೋಗ ಆಗಬಹುದು ಎಂದು ಸರ್ಕಾರವೇ ಅದನ್ನು ಹಿಂದೆ ತೆಗೆದುಕೊಂಡಿತು. ಆದ್ದರಿಂದ ಗ್ರೂಪಿನಲ್ಲಿ ಬಂದ ಕೋಡಿಗೆ ಹಣ ಹಾಕಬೇಡಿ. ನಿಧಿಯ ಅಧಿಕೃತ ವೆಬ್‌ಸೈಟನ್ನು ನೀವೇ ತೆರೆದು ಹಾಕಿ, ರಸೀದಿ ಇಟ್ಟುಕೊಳ್ಳಿ. ಆನ್‌ಲೈನ್ ಗೊತ್ತಿಲ್ಲದ ಹಿರಿಯರು ಬ್ಯಾಂಕಿಗೆ ಹೋಗಿ ಕಟ್ಟಬಹುದು. ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಕೂಟದಲ್ಲೋ ಬೀಡಿ ಕಟ್ಟುವವರ ನಡುವೆಯೋ ಒಟ್ಟು ಮಾಡಿ ಕಳುಹಿಸುವುದೂ ಒಳ್ಳೆಯದು. ಇಪ್ಪತ್ತು ರೂಪಾಯಿ ಕೊಟ್ಟವರಿಗೂ ಅದರಲ್ಲಿ ಪಾಲು ಇರುತ್ತದೆ.

ರಕ್ತ ಕೊಡಬೇಕು ಎಂದು ಎಲ್ಲರೂ ಮೊದಲ ದಿನವೇ ಓಡುತ್ತಾರೆ. ರಕ್ತವನ್ನು ಐದಾರು ವಾರಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ಕರೆದರೆ ಅವತ್ತೇ ಹೋಗಿ. ಕರೆಯದಿದ್ದರೆ ಒಂದು ತಿಂಗಳು ಬಿಟ್ಟು ಹೋಗಿ, ಆಗ ಕೊಡುವವರು ಕಡಿಮೆ ಇರುತ್ತಾರೆ.

ಐದನೇ ಹಂತ: ಮಕ್ಕಳಿಗೆ ಸತ್ಯ ಹೇಳಿ, ಬರೆ (ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬ) ತೋರಿಸಿ

ಸಣ್ಣ ಮಕ್ಕಳಿಗೆ ಮರುಪ್ರಸಾರ ಎಂದರೆ ಏನೆಂದು ಗೊತ್ತಿಲ್ಲ. ಒಂದು ಮನೆ ಹತ್ತು ಸಲ ಕುಸಿದದ್ದು ಕಂಡರೆ ಹತ್ತು ಮನೆ ಕುಸಿಯಿತು ಎಂದೇ ತಿಳಿಯುತ್ತಾರೆ. ಆದ್ದರಿಂದ ಅವರ ಎದುರು ಆ ದೃಶ್ಯಗಳು ಬೇಡ.

ನನ್ನ ಅಕ್ಕನ ಮಗಳು ಎರಡನೇ ಕ್ಲಾಸಿನಲ್ಲಿ ಇದ್ದಳು. "ಮಾವಾ, ನಮ್ಮ ಗುಡ್ಡೆಯೂ ಬೀಳ್ತದಾ?" ಎಂದು ಕೇಳಿದಳು. "ಛೆ, ಇಲ್ಲ" ಎಂದು ಹೇಳಿ ಬಿಡಬಹುದಿತ್ತು. ಆದರೆ ಅದು ಸುಳ್ಳು, ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ಕೊಡೆ ಹಿಡಿದು ಅವಳನ್ನು ಮನೆ ಹಿಂದಿನ ಬರೆಯ ಹತ್ತಿರ ಕರೆದುಕೊಂಡು ಹೋದೆ. ನೀರು ಎಲ್ಲಿಂದ ಬರುತ್ತದೆ, ಯಾವ ಕಣಿಯಲ್ಲಿ ಹೋಗುತ್ತದೆ ತೋರಿಸಿದೆ. ಕಣಿಯಲ್ಲಿ ಅಡಿಕೆ ಸೋಗೆ ಸಿಕ್ಕಿಕೊಂಡಿತ್ತು. ಇಬ್ಬರೂ ಸೇರಿ ಎಳೆದು ತೆಗೆದೆವು. ಅವತ್ತು ರಾತ್ರಿ ಅವಳು ಚೆನ್ನಾಗಿ ಮಲಗಿದಳು ಎಂದು ಅಕ್ಕ ಹೇಳಿದಳು.

ನಾವು ದೊಡ್ಡವರೂ ಅದನ್ನೇ ಮಾಡಬೇಕು. ಸುಮ್ನೆ ಹೆದರುತ್ತಾ ಕುಳಿತುಕೊಳ್ಳುವ ಬದಲು ಒಂದು ಸುತ್ತು ಬನ್ನಿ. ನೆಲದಲ್ಲಿ ಹೊಸ ಬಿರುಕು ಇದೆಯಾ? ಮರವೋ ಕರೆಂಟು ಕಂಬವೋ ವಾಲಿದೆಯಾ? ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಇದ್ದಕ್ಕಿದ್ದ ಹಾಗೆ ಕೆಸರಾಗಿದೆಯಾ? ಇಲ್ಲದ ಕಡೆ ಒರತೆ ಬಂದಿದೆಯಾ? ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಲು ಆಗುತ್ತಿಲ್ಲವಾ? ಇವುಗಳಲ್ಲಿ ಒಂದು ಕಂಡರೂ ಅವತ್ತು ರಾತ್ರಿ ಅಲ್ಲಿ ಮಲಗಬೇಡಿ. ಪಂಚಾಯತಿಗೆ ತಿಳಿಸಿ, ಅಥವಾ 1077ಕ್ಕೆ ಕರೆ ಮಾಡಿ, ಅದು ಜಿಲ್ಲೆಯ ವಿಪತ್ತು ನಿರ್ವಹಣೆಯ ನಂಬರ್. ಕೆಂಪು ಎಚ್ಚರಿಕೆ ಎಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸೂಚನೆ. ಬರೆಯ ಬುಡದಲ್ಲಿ ಮನೆ ಇರುವವರು ಆ ರಾತ್ರಿಗೆ ಹೋಗುವ ನೆಂಟರ ಮನೆ ಯಾವುದು ಎಂದು ಮೊದಲೇ ಮಾತಾಡಿಡಿ.

ಆರನೇ ಹಂತ: ನಿಮ್ಮ ಕೆಲಸ ಮಾಡಿ, ಪೂರ್ತಿ ಮನಸ್ಸಿಟ್ಟು

ಇದು ಎಲ್ಲಕ್ಕಿಂತ ಕಷ್ಟ. ಮದುವೆ ಮನೆ ಇದೆ, ನಗಬಹುದಾ? ಪಾಯಸ ಮಾಡಬಹುದಾ? ತಾಳಮದ್ದಳೆಗೆ ಹೋಗಬಹುದಾ?

ವಯನಾಡಿನ ವೆಳ್ಳಾರ್‌ಮಲೆಯ ಶಾಲೆಯನ್ನು ಮಣ್ಣು, ನೀರು ನುಂಗಿತು. ಅಲ್ಲಿ ಕಲಿಯುತ್ತಿದ್ದ ಮಕ್ಕಳಲ್ಲಿ ಹಲವರು ತೀರಿಕೊಂಡರು. ಉಳಿದ ಮಕ್ಕಳಿಗೆ 2024ರ ಸೆಪ್ಟೆಂಬರ್ ಆರಂಭದಲ್ಲಿ ಮೇಪ್ಪಾಡಿಯಲ್ಲಿ ಮತ್ತೆ ತರಗತಿ ಶುರುವಾಯಿತು. ಹೊಸ ಪುಸ್ತಕ, ಹೊಸ ಬ್ಯಾಗು ಕೊಟ್ಟು ಬರಮಾಡಿಕೊಂಡರು. ದುರಂತ ಆಗಿ ಒಂದು ತಿಂಗಳಿಗೆ ಗಂಟೆ ಹೊಡೆದು ಹಾಜರಿ ಕರೆದರು. ಅಲ್ಲಿನವರಿಗೆ ಬೇಕಾದದ್ದೂ ದಿನದ ಬದುಕೇ. ಹಾಗಿರುವಾಗ ನಾವು ನಮ್ಮದನ್ನು ಕೈಬಿಟ್ಟು ಅವರಿಗೆ ಏನು ಕೊಟ್ಟ ಹಾಗಾಯಿತು?

ನನ್ನ ಅಭಿಪ್ರಾಯ ಹೇಳುತ್ತೇನೆ. ಗೊತ್ತಾದ ಮದುವೆ ನಡೆಯಲಿ. ಹುಡುಗಿಯ ಮನೆಯವರು ಸಾಲ ಮಾಡಿ ಹಾಲ್ ಹಿಡಿದಿರುತ್ತಾರೆ. ನೆಂಟರು ರಜೆ ಹಾಕಿ ಬಂದಿರುತ್ತಾರೆ. ಪಟಾಕಿ ಬೇಡ, ಆ ಹಣವನ್ನು ನಿಧಿಗೆ ಹಾಕಿ. ಊಟಕ್ಕೆ ಕುಳಿತವರಿಗೆ ಭಾಷಣ ಬೇಡ. ತಾಳಮದ್ದಳೆಗೂ ಹೋಗಿ. ಅಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮಾತು ಕೇಳುವಾಗ ಕಣ್ಣಲ್ಲಿ ನೀರು ಬಂದರೆ ಬರಲಿ. ಅಳುವುದಕ್ಕೆ ಅದೂ ಒಂದು ಜಾಗ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಫೋಟೋ ದುಃಖದ್ದು, ಮುಂದಿನದು ಪತ್ರೊಡೆಯದ್ದು ಇದ್ದರೆ ಅದನ್ನು ತಪ್ಪು ಎಂದು ಯಾರನ್ನೂ ಚುಚ್ಚಬೇಡಿ. ಮನುಷ್ಯರ ದಿನ ಹಾಗೇ ಇರುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಆ ಊರಿನವರು ಯಾರಾದರೂ ಇದ್ದರೆ ಒಂದೆರಡು ದಿನ ಊಟದ ಫೋಟೋ ಬೇಡ.

ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಮಳೆಯ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ, ಕೆಲಸಕ್ಕೆ ಹೋಗಲು ಆಗುವುದಿಲ್ಲ ಎಂದಾದರೆ ಇಷ್ಟರಲ್ಲಿ ಪರಿಹಾರ ಸಿಗದು. 14416ಕ್ಕೆ ಕರೆ ಮಾಡಿ. ಅದು ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ಹಣ ಇಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056. ಹಿಂದೆ ನೆರೆಯನ್ನೋ ಅಪಘಾತವನ್ನೋ ಕಣ್ಣಾರೆ ಕಂಡವರಿಗೆ ಹಳೆಯದು ಮರಳಿ ಬರುವುದು ಜಾಸ್ತಿ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ಬಿದ್ದು 158 ಮಂದಿ ಹೋದರು. ಅವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. ಆ ಮನೆಗಳಲ್ಲಿ ಪ್ರತಿ ವಿಮಾನದ ಸುದ್ದಿಯೂ ಇವತ್ತಿಗೂ ಬೇರೆ ರೀತಿ ಕೇಳಿಸುತ್ತದೆ. ಅವರ ಎದುರು ಅಂಥ ಸುದ್ದಿಯನ್ನು ಜೋರಾಗಿ ಓದಬೇಡಿ.

ಏಳನೇ ಹಂತ: ಕ್ಯಾಮೆರಾ ಹೋದ ಮೇಲೆ

ಒಂದು ಕಾಲದಲ್ಲಿ ನಾವೇ ಆ ದೂರದ ಸುದ್ದಿಯಾಗಿದ್ದೆವು. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ ಎಂಬ ಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಕ್ಯಾಮೆರಾಗಳು ಬಂದವು. ಕಾಯಿಲೆ ಬಿದ್ದ ಮಕ್ಕಳ ಫೋಟೋ ಎಲ್ಲ ಕಡೆ ಬಂತು. ನೋಡಿದವರು ಅತ್ತರು, ಅದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಬೇರೆ ಸುದ್ದಿ ಬಂತು.

ಆದರೆ ಕೆಲವರು ಉಳಿದರು. ಲೆಕ್ಕ ಬರೆದರು, ರೋಗಿಗಳ ಪಟ್ಟಿ ಮಾಡಿದರು, ತಾಯಂದಿರ ಜೊತೆ ತಿರುವನಂತಪುರದಲ್ಲಿ ಕುಳಿತರು, ಕೋರ್ಟಿಗೆ ಹೋದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಸಿಂಪಡಣೆ ನಿಂತು ಆಗಲೇ 16 ವರ್ಷ ದಾಟಿತ್ತು. ಮೊದಲ ವಾರ ಅತ್ತವರಿಂದ ಮಾತ್ರ ಇದು ಆಗುತ್ತಿರಲಿಲ್ಲ.

ಆದ್ದರಿಂದ ಮೊದಲ ವಾರದ ನೋಟದಲ್ಲಿ ಸ್ವಲ್ಪ ಉಳಿಸಿ, ಆಮೇಲಿನ ತಿಂಗಳುಗಳಿಗೆ ಇಟ್ಟುಕೊಳ್ಳಿ. ಹೀಗೆ ಮಾಡಬಹುದು. ಕ್ಯಾಲೆಂಡರಿನಲ್ಲಿ ಮೂರು ದಿನ ಗುರುತು ಹಾಕಿ: ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ. ಆ ದಿನ ಅರ್ಧ ಗಂಟೆ ಅವರಿಗಾಗಿ ಇಡಿ. ಮನೆ ಸಿಕ್ಕಿತಾ, ಪಟ್ಟಿಯಿಂದ ಯಾರಾದರೂ ಬಿಟ್ಟುಹೋದರಾ, ಹುಡುಕಿ ಓದಿ. ಮತ್ತೊಮ್ಮೆ ಹಣ ಕಳುಹಿಸಿ, ಸಣ್ಣದೇ ಇರಲಿ. ನಿಮ್ಮ ಶಾಸಕರು ಊರಿಗೆ ಬಂದಾಗ ಆ ವಿಷಯ ಕೇಳಿ. ದೂರಕ್ಕೆ ಕೈ ಮುಟ್ಟದಿದ್ದರೆ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗಾಗಿ ಇರುವ ಹತ್ತಿರದ ಬಡ್ಸ್ ಶಾಲೆಗೆ ಹೋಗಿ ಏನು ಬೇಕು ಎಂದು ವಿಚಾರಿಸಿ. ಹಾಸಿಗೆ ಹಿಡಿದ ಮಗು ಇರುವ ಮನೆಯಲ್ಲಿ ಎರಡು ಗಂಟೆ ಕುಳಿತರೆ ಆ ತಾಯಿ ರೇಷನ್ ಅಂಗಡಿಗೆ ಹೋಗಿ ಬರಬಹುದು.

ವಯನಾಡಿನವರ ಹೊಸ ಮನೆಗಳಿಗೆ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಅಡಿಗಲ್ಲು ಹಾಕಿದ್ದು 2025ರ ಮಾರ್ಚ್ 27ರಂದು. ಗುಡ್ಡೆ ಜರಿದು ಎಂಟು ತಿಂಗಳು. ಅಷ್ಟು ಹೊತ್ತಿಗೆ ಟಿವಿಯಲ್ಲಿ ಅವರ ಮುಖ ಕಾಣುವುದು ಅಪರೂಪವಾಗಿತ್ತು.

ನಮ್ಮ ಮನೆಯಲ್ಲಿ ಈ ದಿನಾಂಕಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿದ್ದೇವೆ. ಜನವರಿ 30 ಬಂದಾಗ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ನಾನು ಮರೆತಿದ್ದೆ. ಅಮ್ಮ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಟು, "ಆ ಶಾಲೆಯ ಮಕ್ಕಳು ಈಗ ಎಲ್ಲಿದ್ದಾರೆ, ಓದಿ ಹೇಳು" ಎಂದರು.